ಹೆರಿಗೆಯವರೆಗೆ ನಿಲ್ಲಬೇಕಾಗಿದ್ದ ಬೇವಿನ ಮರ

ತೆರಕಣಾಂಬಿಯ ನಮ್ಮ ಮನೆಯ ಹಿತ್ತಿಲಲ್ಲಿ, ಅಡುಗೆಮನೆಗೆ ಒತ್ತಿಕೊಂಡಂತೆ ಒಂದು ಬೇವಿನ ಮರವಿತ್ತು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ಮಳೆಗೆ ಮುಂಚೆ ಬೀಸುವ ಗಾಳಿಗೆ ಅದು ಮನೆಯ ಕಡೆಗೆ ವಾಲಿತು. ಬುಡದ ಆಚೆ ಬದಿಯ ಮಣ್ಣು ಎದ್ದು, ಕೈ ತೂರುವಷ್ಟು ಬಿರುಕು ಬಿಟ್ಟಿತು. ಬಿದ್ದರೆ ಹೆಂಚಿನ ಮೇಲೆಯೇ ಬೀಳಬೇಕು.

ಮೈದುನ ಉಡಿಗಾಲದಿಂದ ಮರ ಕಡಿಯುವವನೊಬ್ಬನನ್ನು ಕರೆತಂದ. ಅವನು ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಬಡಿದು ನೋಡಿ, ಒಳಗೆ ಟೊಳ್ಳಾಗಿದೆ, ಮೊದಲು ಕೊಂಬೆಗಳನ್ನು ಹಗ್ಗ ಕಟ್ಟಿ ಇಳಿಸಬೇಕು, ನಾಳೆಯೇ ಬರುತ್ತೇನೆ ಎಂದ. ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಬಂದರು.

"ಕುಡ್ಕಂಡು ಓಗಪ್ಪ. ನಮ್ಮಟ್ಟೀಲಿ ಬಸ್ರಿ ಅವ್ಳೆ. ಎರಿಗೆ ಆದ್ಮೇಲೆ ಯೋಳಿ ಕಳುಸ್ತೀವಿ."

ಬಸುರಿ ಎಂದರೆ ನನ್ನ ವಾರಗಿತ್ತಿ, ಆ ಮೈದುನನ ಹೆಂಡತಿ. ನಮ್ಮ ಕಡೆ ಬಸುರಿ ಇರುವ ಮನೆಯವರು ಹಸಿ ಮರ ಕಡಿಸುವುದಿಲ್ಲ. ಗಂಡನಂತೂ ಮರಕ್ಕೆ ಕೊಡಲಿ ಎತ್ತಲೇಬಾರದು. ಅದನ್ನು ಈಗ ಯಾರು ಪಾಲಿಸುತ್ತಾರೆ ಎಂದು ನಗುವವರು ಆಗಲೂ ಇದ್ದರು. ಆದರೆ ಅವಳಿಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯದು ಹೋದದ್ದು, ಮೈದುನ ಮನೆ ಮುಂದಿನ ನುಗ್ಗೆಮರ ಕಡಿದ ವಾರದಲ್ಲಿ. ಅತ್ತೆ ಅದನ್ನು ಮರೆತಿರಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಮರೆತಿರಲಿಲ್ಲ.

ಗುಂಡ್ಲುಪೇಟೆಯಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ಸಂಜೆ ಬಂದು ವಾದಕ್ಕೆ ನಿಂತರು.

"ಗಾಳಿ ಎರಿಗೆ ದಿನ ಕೇಳ್ಕಂಡು ಬತ್ತದಾ ಅವ್ವ?"

"ಮಾದಪ್ಪನ್ನ ಕೇಳ್ಕಂಡಿವ್ನಿ, ನೀ ಸುಮ್ನಿರ್ಲಾ. ಕೂಸು ಬರ್ಲಿ. ಇದೇ ಸೌದೇಲಿ ಬಾಣಂತಿಗೆ ನೀರು ಕಾಯ್ಸನ."

ಅಲ್ಲಿಗೆ ಮಾತು ಮುಗಿಯಿತು. ಮೈದುನ ಬಾವಿ ಹಗ್ಗದಿಂದ ಮರವನ್ನು ಆಚೆಯ ತೆಂಗಿಗೆ ಬಿಗಿದ. ನಾನು ಒಲೆ, ಪಾತ್ರೆಗಳನ್ನು ಮುಂದಿನ ಜಗಲಿಗೆ ಸಾಗಿಸಿದೆ. ವಾರಗಿತ್ತಿಗೆ ಮಡಿಲು ತುಂಬಿ ಬೇಗೂರಿನ ತವರಿಗೆ ಬಸ್ಸು ಹತ್ತಿಸಿದೆವು. ಅವಳೂ ಹೊಟ್ಟೆಯ ಕೂಸೂ ಆ ಸೂರಿನ ಕೆಳಗಿಲ್ಲವಲ್ಲ ಎಂದು ದಿನಾ ವಿಭೂತಿ ಧರಿಸುವಾಗ ಶಿವನಿಗೆ ಕೈಮುಗಿಯುತ್ತಿದ್ದೆ. ಒಂದು ಪಡ್ಡೆ ಕರುವನ್ನು ಮಾತ್ರ ಅಡುಗೆಮನೆಯ ಹಿಂದಿನ ಗೂಟಕ್ಕೇ ಕಟ್ಟುತ್ತಿದ್ದೆವು. ಅದು ಬಿಟ್ಟರೆ ಬೇರೆಲ್ಲೂ ನೆರಳಿರಲಿಲ್ಲ.

ಗಾಳಿ ಒಂದು ಮಧ್ಯಾಹ್ನ ಬಂತು. ಬೀದಿಯ ಧೂಳೆಲ್ಲ ಎದ್ದು ಕಣ್ಣು ಕಾಣದಾಯಿತು. ಅತ್ತೆ ಕರು ಬಿಚ್ಚಲು ಹಿತ್ತಿಲಿಗೆ ಓಡಿದರು. ನಾನು ಬೇಡ ಎನ್ನುವಷ್ಟರಲ್ಲಿ ಮರಕ್ಕೆ ಬಿಗಿದಿದ್ದ ಹಗ್ಗ ಹರಿದ ಸದ್ದು, ಅದರ ಹಿಂದೆಯೇ ಗೋಡೆ ಕುಸಿದ ಸದ್ದು. ಕರು ನನ್ನನ್ನು ತಳ್ಳಿಕೊಂಡು ಬೀದಿಗೆ ಓಡಿತು. ಅದರ ಕೊರಳಲ್ಲಿ ಹಗ್ಗವಿರಲಿಲ್ಲ. ಅತ್ತೆ ಬಿಚ್ಚಿ ಆಗಿತ್ತು.

ಅವರ ಸೊಂಟದಿಂದ ಕೆಳಗೆ ಒಂದು ದಪ್ಪ ಕೊಂಬೆ ಅಡ್ಡ ಬಿದ್ದಿತ್ತು. ಮೇಲಿನ ಭಾರವೆಲ್ಲ ಅದರ ಮೇಲೆಯೇ ಕೂತಿತ್ತು. ಎಚ್ಚರವಿತ್ತು. ಮೈದುನ ಹೊಲದಿಂದ ಓಡಿಬಂದು ಕೊಡಲಿ ಎತ್ತಿದ. ಅತ್ತೆ ಅವನನ್ನು ನೋಡಿ ಮೆಲ್ಲಗೆ ಹೇಳಿದರು:

"ನೀ ಮುಟ್ಬ್ಯಾಡ ಕಣ್ಲಾ. ಕೊಡ್ಲಿ ಮಡ್ಗು."

"ಅವ್ವ, ಸತ್ತೋಗ್ತೀಯ."

"ಮಡ್ಗು ಅಂದಿ. ಬಾ, ನನ್ ತಲೆ ಇಡ್ಕೊ."

ಅವನು ಕೊಡಲಿ ಕೆಳಗಿಟ್ಟು, ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡ. ಯಜಮಾನರು ಊರಲ್ಲಿರಲಿಲ್ಲ. ಪಕ್ಕದ ಮನೆಯವನು ಇಬ್ಬರು ಎಳೆಯುವ ಗರಗಸ ತಂದು ಒಂದು ಕಡೆ ಕೂತ. ಇನ್ನೊಂದು ಹಿಡಿ ಖಾಲಿಯಿತ್ತು. ನಾನು ಸೆರಗು ಸಿಕ್ಕಿಸಿ ಕೂತೆ. ಅದಕ್ಕೆ ಮುಂಚೆ ಗರಗಸ ಹಿಡಿದವಳಲ್ಲ. ಎಳೆದಾಗಲೆಲ್ಲ ಕೊಂಬೆ ಅದುರಿ ಅತ್ತೆ ಹಲ್ಲು ಕಚ್ಚುತ್ತಿದ್ದರು, ನಾನು ನಿಲ್ಲಿಸುತ್ತಿದ್ದೆ. "ನಿಲ್ಲುಸ್ಬ್ಯಾಡ ಕಣಮ್ಮಿ," ಎನ್ನುತ್ತಿದ್ದರು. ಆಮೇಲೆ ಅದನ್ನೂ ಅನ್ನಲಿಲ್ಲ.

ಟೆಂಪೊದಲ್ಲಿ ಗುಂಡ್ಲುಪೇಟೆಗೆ, ಅಲ್ಲಿಂದ ಮೈಸೂರಿಗೆ ಸಾಗಿಸಿದೆವು. ಹೆಚ್ಚು ದಿನ ಉಳಿಯಲಿಲ್ಲ. ಕೊನೆಗೆ ನೋವು ಗೊತ್ತಾಗುತ್ತಿರಲಿಲ್ಲ ಎಂದು ನರ್ಸಮ್ಮ ಹೇಳಿದರು. ಅದನ್ನು ಶಿವನ ಕೃಪೆ ಎಂದು ಹಿಡಿದುಕೊಂಡೆ. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. ಹೊಲದಲ್ಲಿ ಮಾವನವರ ಸಮಾಧಿಯ ಪಕ್ಕ ಅವರನ್ನು ಮಣ್ಣು ಮಾಡಿದೆವು. ಬೇಗೂರಿಗೆ ಸುದ್ದಿ ಮುಟ್ಟದಂತೆ ನೋಡಿಕೊಂಡೆವು.

ಮರ ಹಿತ್ತಿಲ ಬಾಗಿಲಿಗೆ ಅಡ್ಡ ಹಾಗೇ ಬಿದ್ದಿತ್ತು. ಕಡಿದು ಒಯ್ಯುತ್ತೇವೆ ಎಂದು ಬಂದವರನ್ನು ಮೈದುನ ವಾಪಸು ಕಳಿಸಿದ. ನೀರಿಗೆ ಬೀದಿ ಸುತ್ತಿಕೊಂಡು ಹೋಗುತ್ತಿದ್ದೆ. ಅಂದೇ ಕಡಿಸಿದ್ದರೆ ಅತ್ತೆ ಇರುತ್ತಿದ್ದರು. ಕಡಿಸಿ, ಆ ಕೂಸೂ ನಿಲ್ಲದೆ ಹೋಗಿದ್ದರೆ? ಆ ಯೋಚನೆಯನ್ನು ಇಂದಿಗೂ ಕೊನೆ ಮುಟ್ಟಿಸಲಾರೆ.

ಹೆಣ್ಣು ಕೂಸು ಹುಟ್ಟಿತು, ಅಳು ಜೋರಾಗಿತ್ತು ಎಂದು ಬೇಗೂರಿನವರು ಬಂದು ಹೇಳಿದರು. ಮಾರನೆಯ ದಿನ ಉಡಿಗಾಲದವನಿಗೆ ಹೇಳಿ ಕಳಿಸಿದೆವು. ಅವನು ಬಂದು ದಿಮ್ಮಿಯನ್ನು ತುಂಡು ಮಾಡಿ ಸೀಳಿ, ಗೋಡೆ ಬದಿಗೆ ಒಟ್ಟಿ ಹೋದ.

ಬಾಣಂತಿ ಕೂಸಿನೊಂದಿಗೆ ಮನೆಗೆ ಬಂದ ದಿನ ಆ ಸೌದೆಯಲ್ಲೇ ಹಂಡೆಗೆ ಉರಿ ಹಾಕಿದೆ. ನೀರು ಯಾರು ಕಾಯಿಸಿದ್ದು, ಅತ್ತೆಮ್ಮನಾ ಎಂದು ಅವಳು ಒಳಗಿನಿಂದ ಕೇಳಿದಳು. ಇನ್ನೂ ಯಾರೂ ಹೇಳಿರಲಿಲ್ಲ. ಮೈದುನ ಎದ್ದು ಬೀದಿಗೆ ಹೋದ. ಟೊಳ್ಳು ಸೌದೆ, ಬೇಗ ಬೂದಿಯಾಗುತ್ತಿತ್ತು. ಇನ್ನೊಂದು ತುಂಡು ಒಲೆಗೆ ತಳ್ಳಿ, ಹೇಳಲು ಒಳಗೆ ಹೋದೆ.