ಬಡಿಸದೆ ಕೂತ ಒಂದು ಸಂಜೆ

ಹೋಟೆಲು ನಡೆಸುವವನಿಗೆ ಎಲ್ಲ ಕೆಲಸವೂ ಬರುತ್ತದೆ, ಸುಮ್ಮನೆ ಕೂರುವುದೊಂದು ಬಿಟ್ಟು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೊಂಬಾಯಿಗೆ ಹೋದವನು. ಅಲ್ಲಿ ಊರಿನವರೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದೆ, ಟೇಬಲ್ ಒರೆಸಿದೆ, ಸಪ್ಲೈ ಮಾಡಿದೆ. ಆಮೇಲೆ ಊರಿಗೆ ಬಂದು ಕೋಟದ ಹತ್ತಿರ ಹೆದ್ದಾರಿ ಬದಿಗೆ ನನ್ನದೇ ಒಂದು ಇಟ್ಟೆ. ಸಣ್ಣದು. ಬೆಳಿಗ್ಗೆ ಬನ್ಸ್, ಅವಲಕ್ಕಿ. ದಿನವಿಡೀ ದೋಸೆ, ಚಹಾ. ಒಮ್ಮೆ ತಿಂದವರು ಇನ್ನೊಮ್ಮೆ ಗಾಡಿ ನಿಲ್ಲಿಸುತ್ತಾರೆ. ಅದು ನನ್ನ ಹೆಮ್ಮೆ, ಮುಚ್ಚಿಡುವುದಿಲ್ಲ.

ಮದುವೆ ಮನೆಗಳಲ್ಲೂ ನಾನು ಹಾಗೆಯೇ. ಊಟಕ್ಕೆ ಪಂಕ್ತಿಯಲ್ಲಿ ಕೂರುತ್ತೇನೆ, ಉಪ್ಪು ಉಪ್ಪಿನಕಾಯಿ ಬರುವ ತನಕ ತಡೆದುಕೊಳ್ಳುತ್ತೇನೆ. ಅಷ್ಟರಲ್ಲಿ ಯಾರೋ ಹುಡುಗ ಸಾರಿನ ಬಕೆಟನ್ನು ತಪ್ಪು ಕೈಯಲ್ಲಿ ಹಿಡಿದು ಬಂದರೆ ಮುಗಿಯಿತು, ಎದ್ದು ಅದನ್ನು ಕಸಿದುಕೊಂಡು ನಾನೇ ಬಡಿಸುತ್ತೇನೆ. ಜನ ಹೊಗಳುತ್ತಾರೆ. ನನ್ನ ಹೆಂಡತಿ ಮಾತ್ರ ಖಾಲಿ ಎಲೆಯ ಪಕ್ಕ ಕೂತು ಉಣ್ಣುತ್ತಾಳೆ. ಮದುವೆಯಾದ ಹೊಸತರಲ್ಲಿ ಒಮ್ಮೆ ಕುಂದಾಪುರಕ್ಕೆ ಪಿಕ್ಚರಿಗೆ ಕರೆದುಕೊಂಡು ಹೋಗಿದ್ದೆ. ಗ್ರೈಂಡರ್ ಕೆಟ್ಟಿತೆಂದು ಸುದ್ದಿ ಬಂದು, ಅವಳನ್ನು ಅಲ್ಲೇ ಕೂರಿಸಿ ಹೊರಟೆ. ಉಳಿದರ್ಧ ಒಬ್ಬಳೇ ನೋಡಿ ಬಸ್ಸಿನಲ್ಲಿ ಮನೆಗೆ ಬಂದಳು. ಜಗಳ ಆಡಲಿಲ್ಲ. ವರ್ಷಕ್ಕೊಂದೆರಡು ಸಲ ಎಲ್ಲಿಗಾದರೂ ಹೋಗುವ ಅಂತ ಕೇಳುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ, ಯಾವುದಾದರೂ ಕೆಲಸ ಅಡ್ಡ ಬರುತ್ತಿತ್ತು.

ಕಳೆದ ಮಳೆಗಾಲ ಮುಗಿದ ಮೇಲೆ ಮತ್ತೆ ಕೇಳಿದಳು. ಪೇಟೆಯ ಥಿಯೇಟರಿಗೆ ಒಂದು ಕಾರ್ಟೂನ್ ಪಿಕ್ಚರ್ ಬಂದಿತ್ತು, ಕನ್ನಡದಲ್ಲೇ ಮಾತಾಡುವುದು, ಒಂದು ಮರಿ ಆಮೆಯ ಕಥೆ. ಮಂಗಳೂರಿನಲ್ಲಿ ಓದುವ ಮಗಳು ಅಲ್ಲಿಂದಲೇ ಫೋನಿನಲ್ಲಿ ಎರಡು ಟಿಕೆಟ್ ತೆಗೆದಿಟ್ಟಿದ್ದಳು. ಮೊಮ್ಮಕ್ಕಳಿಲ್ಲದೆ ಮಕ್ಕಳ ಪಿಕ್ಚರಿಗೆ ಹೋದರೆ ಕಂಡವರು ನಗುವುದಿಲ್ಲವೇ ಅಂದೆ. ಮನುಷ್ಯರ ಪಿಕ್ಚರಿನಲ್ಲಿ ಬರೀ ಹೊಡೆದಾಟ, ಆಮೆಯಾದರೆ ಕತ್ತಿ ಹಿಡಿಯುವುದಿಲ್ಲವಲ್ಲ ಅಂದಳು. ಆಮೇಲೆ, ಹಿಟ್ಟಿನ ಪಾತ್ರೆ ಮುಚ್ಚುತ್ತಾ, ನನ್ನ ಕಡೆ ನೋಡದೆಯೇ ಹೇಳಿದಳು:

"ಇವತ್ತೂ ಅರ್ಧಕ್ಕೆ ಎದ್ ಹೋದ್ರೆ, ನಾನ್ ಮತ್ತೆ ಕೇಂಬುದಿಲ್ಲೆ, ಕಾಣಿ."

ಮತ್ತೆ ಕೇಳುವುದಿಲ್ಲ ಅಂತ ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಹಾಲಿನವನಿಗೆ ನಾಳೆಯಿಂದ ಬೇಡ ಅನ್ನುವ ಹಾಗೆ, ಬಹಳ ಸಾಧಾರಣವಾಗಿ ಹೇಳಿದಳು. ಬೈಕಿನಲ್ಲಿ ಕುಂದಾಪುರ ಮುಟ್ಟುವ ತನಕ ಅದೇ ಮಾತು ತಲೆಯಲ್ಲಿ ಕೂತಿತ್ತು. ಹೋಟೆಲನ್ನು ನಮ್ಮ ದೋಸೆ ಭಟ್ಟರ ಕೈಗೆ ಬಿಟ್ಟಿದ್ದೆ. ಹುಳಿ ಬಂದ ಹಿಟ್ಟು ಯಾವುದು, ಹೊಸ ಹಿಟ್ಟು ಯಾವುದು ಅಂತ ಅವರಿಗೆ ಮೂರು ಸಲ ಹೇಳಿ ಬಂದಿದ್ದೆ. ಅವರು ನನಗಿಂತ ಮೊದಲೇ ಒಲೆ ಕಂಡವರು.

ಥಿಯೇಟರಿನಲ್ಲಿ ಸಂಜೆಯ ಆಟಕ್ಕೆ ಮಕ್ಕಳ ಗಲಾಟೆ. ದೀಪ ಆರಿ ಪರದೆಯ ಮೇಲೆ ಸಮುದ್ರ ಬಂತು. ಅಂಥ ನೀಲಿಯನ್ನು ನಾನು ನಮ್ಮ ಕಡಲಿನಲ್ಲಿ ಕಂಡದ್ದಿಲ್ಲ. ಮರಿ ಆಮೆ ಮರಳಿನಿಂದ ತಲೆ ಹೊರಗೆ ಹಾಕಿದ್ದೇ ನನ್ನ ಹೆಂಡತಿ ಮಾತು ಶುರು ಮಾಡಿದಳು. ಅವಳ ತವರು ಕಿರಿಮಂಜೇಶ್ವರ. ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಆಮೆ ಮೊಟ್ಟೆ ಇಡುವುದನ್ನು ನೋಡಿದ್ದಳಂತೆ, ಮೊಟ್ಟೆ ಇಡುವಾಗ ಆಮೆಯ ಕಣ್ಣಿನಲ್ಲಿ ನೀರು ಬರುತ್ತದಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದು ಇದನ್ನು ನಾನು ಕೇಳಿರಲಿಲ್ಲ. ಮುಂದಿನ ಸಾಲಿನ ಸಣ್ಣ ಹುಡುಗಿಯೊಬ್ಬಳು ಪಿಕ್ಚರ್ ಬಿಟ್ಟು ಹಿಂದೆ ತಿರುಗಿ ಇವಳ ಕಥೆಯನ್ನೇ ಕೇಳತೊಡಗಿದಳು.

ಆಮೆ ದಾರಿ ತಪ್ಪಿ ಒಂದು ಕಡಲ ಕಾಗೆಯ ಜೊತೆ ಗೆಳೆತನ ಮಾಡಿಕೊಳ್ಳುವ ಹೊತ್ತಿಗೆ ನನ್ನ ಕಿಸೆಯಲ್ಲಿ ಫೋನು ನಡುಗಿತು. ತೆಗೆದು ನೋಡಿದೆ. ಭಟ್ಟರು. ಸುಮ್ಮನೆ ಫೋನು ಮಾಡುವವರಲ್ಲ ಅವರು. ನಿಂತಿತು, ಮತ್ತೆ ನಡುಗಿತು. ಹೋಟೆಲಿನ ಫೋನನ್ನು ನಾನು ಎತ್ತದೆ ಬಿಟ್ಟದ್ದೇ ಇಲ್ಲ.

ಫೋನಿನ ಬೆಳಕು ಅವಳ ಮುಖಕ್ಕೂ ಬಿದ್ದಿರಬೇಕು. ಅವಳು ನನ್ನನ್ನು ನೋಡಲಿಲ್ಲ. ಮಡಿಲಿನಲ್ಲಿದ್ದ ಚೀಲವನ್ನು ಎದೆಗೆ ಒತ್ತಿಕೊಂಡು, ಎರಡೂ ಮೊಣಕಾಲನ್ನು ಒಂದು ಬದಿಗೆ ತಿರುಗಿಸಿದಳು. ನಾನು ಹೊರಗೆ ಹೋಗಲು ದಾರಿ ಬಿಟ್ಟದ್ದು. ಬಸ್ಸಿನಲ್ಲಿ ಇಳಿಯುವವರಿಗೆ ನಾವು ಬಿಡುತ್ತೇವಲ್ಲ, ಹಾಗೆ.

ನಾನು ಏಳಲಿಲ್ಲ. ಫೋನನ್ನು ಕಿಸೆಗೆ ಹಾಕಿ ಅದರ ಮೇಲೆ ಕೈ ಇಟ್ಟುಕೊಂಡೆ. ಅದು ಇನ್ನೂ ಸ್ವಲ್ಪ ಹೊತ್ತು ಕೈಯಡಿ ನಡುಗಿತು. ಅವಳ ಮೊಣಕಾಲು ಬಹಳ ಹೊತ್ತು ಹಾಗೆಯೇ ಬದಿಗಿತ್ತು. ಕಡಲ ಕಾಗೆ ಏನೋ ಹೇಳಿ ಎಲ್ಲರೂ ನಕ್ಕಾಗ ಅವಳೂ ನಕ್ಕಳು, ಆಗ ಕಾಲು ಸರಿಯಾಯಿತು.

ಇಂಟರ್ವಲ್ಲಿಗೆ ಹೊರಗೆ ಬಂದು ಭಟ್ಟರಿಗೆ ಫೋನು ಮಾಡಿದೆ. ಕೊಲ್ಲೂರಿಗೆ ಹೋಗುವ ಒಂದು ಬಸ್ಸು ತುಂಬ ಜನ ಒಮ್ಮೆಲೇ ಇಳಿದರಂತೆ, ದೋಸೆ ಹಿಟ್ಟು ಸಾಲದೆ ಬಂತಂತೆ. ಕೇಳಲು ಫೋನು ಮಾಡಿದ್ದಂತೆ, ನಾನು ಎತ್ತದಿದ್ದಕ್ಕೆ ಅವರೇ ತೀರ್ಮಾನ ಮಾಡಿ ಅವಲಕ್ಕಿ ಕಲಸಿ ಕೊಟ್ಟರಂತೆ. ಬಸ್ಸಿನವರು ಎರಡೆರಡು ಸಲ ಹಾಕಿಸಿಕೊಂಡು ತಿಂದು ಹೋದರಂತೆ. ಒಳ್ಳೆಯದಾಯಿತು ಅಂದೆ. ಸತ್ಯ ಹೇಳಬೇಕೆಂದರೆ, ನನಗೆ ಅಷ್ಟೇನೂ ಖುಷಿಯಾಗಲಿಲ್ಲ. ನಾನಿಲ್ಲದೆ ಸ್ವಲ್ಪವಾದರೂ ಎಡವಟ್ಟು ಆಗಬೇಕಿತ್ತು.

ಪಾಪ್‌ಕಾರ್ನ್ ಹಿಡಿದು ಒಳಗೆ ಬರುವಾಗ ದೀಪ ಆರಿತ್ತು. ನಮ್ಮ ಸಾಲು ಯಾವುದೆಂದು ತಿಳಿಯಲಿಲ್ಲ. ಯಾರನ್ನಾದರೂ ಕೇಳುವುದಕ್ಕೆ ನನ್ನ ಜಂಬ ಬಿಡಲಿಲ್ಲ. ದಾರಿಯಲ್ಲಿ ಸುಮ್ಮನೆ ನಿಂತೆ. ಆಗ ಕತ್ತಲಿನಿಂದ ಅವಳ ಸ್ವರ ಬಂತು: "ಹ್ವಾಯ್, ಇಲ್ಲ್ ಕಾಣಿ."

ನಾಲ್ಕೈದು ಗಂಡಸರು ಒಟ್ಟಿಗೆ ತಿರುಗಿದರು. ನಮ್ಮ ಊರಿನಲ್ಲಿ ಗಂಡನ ಹೆಸರು ಹಿಡಿದು ಕರೆಯುವ ನನ್ನ ವಯಸ್ಸಿನ ಹೆಂಗಸರು ಎಷ್ಟಿದ್ದಾರೆ? ಎಲ್ಲರ ಗಂಡನೂ ಹ್ವಾಯ್. ಹಿಂದಿನಿಂದ ಯಾರೋ, "ಯಾರಿಗೆ ಕರುದ್ ಮಾರಾಯ್ರೆ, ನಂಗಾ?" ಅಂದ.

"ನಿಮ್ಗಲ್ಲ, ನಮ್ಮವ್ರಿಗೆ," ಅಂದಳು ಇವಳು.

ಇಡೀ ಥಿಯೇಟರು ನಕ್ಕಿತು. ಕತ್ತಲಿತ್ತಲ್ಲ, ನನ್ನ ಮುಖ ಯಾರಿಗೂ ಕಾಣಲಿಲ್ಲ. ಹೋಗಿ ಅವಳ ಪಕ್ಕ ಕೂತೆ. ಆಮೆ ತನ್ನ ಮರಳಿಗೆ ವಾಪಸು ಬರುವ ತನಕ ಕೂತೆ, ಆಮೇಲೆ ಹೆಸರುಗಳೆಲ್ಲ ಬಂದು ಮುಗಿಯುವ ತನಕವೂ ಕೂತೆ.

ಊಟಕ್ಕೆ ಪೇಟೆಯಲ್ಲೇ ಒಂದು ಹೋಟೆಲಿಗೆ ಹೋದೆವು. ನಮ್ಮದು ಸಸ್ಯಾಹಾರಿ ಹೋಟೆಲು, ಅಲ್ಲಿ ಕೋಳಿ ಇಲ್ಲ. ಇಲ್ಲಿ ನೀರ್‌ದೋಸೆ, ಕೋಳಿ ಸಾರು ಹೇಳಿದೆ. ಎರಡು ತಟ್ಟೆ ಬಂತು. ಅವಳು ಕೈ ಹಾಕಲಿಲ್ಲ, ನಾನೂ ಹಾಕಲಿಲ್ಲ. ಮನೆಯಲ್ಲಿ ನಾನು ಉಂಡು ಕೈ ತೊಳೆದ ಮೇಲೆಯೇ ಅವಳು ಬಡಿಸಿಕೊಳ್ಳುವುದು. ಇನ್ನು ನಾನು, ಬೊಂಬಾಯಿಯ ದಿನದಿಂದಲೂ, ಹೋಟೆಲಿನಲ್ಲಿ ಕಡೆಯ ಗಿರಾಕಿ ಎದ್ದ ಮೇಲೆ ತಿನ್ನುವವನು. ಇಬ್ಬರೂ ಒಬ್ಬರನ್ನೊಬ್ಬರು ಕಾದೆವು. ಸಾರಿನ ಹಬೆ ಇಳಿಯುತ್ತಾ ಬಂತು. ತಿನ್ನು ಅಂದೆ, ನೀವು ತಿನ್ನಿ ಅಂದಳು. ಸಪ್ಲೈಯರ್ ಬಂದು, ಏನಾಯಿತು, ಸರಿಯಿಲ್ಲವೇ, ಬೇರೆ ಕೊಡಬೇಕೇ ಅಂತ ಗಾಬರಿಯಲ್ಲಿ ಕೇಳಿದ.

ಅವನು ಹೋದ ಮೇಲೆ ಅವಳು ಹೇಳಿದಳು: "ಇದ್ ನಿಮ್ ಹೋಟ್ಲೂ ಅಲ್ಲ, ನಮ್ ಅಡ್ಗಿಮನೆಯೂ ಅಲ್ಲ. ಒಟ್ಟಿಗೆ ತಿಂಬ."

ಒಟ್ಟಿಗೆ ಕೈ ಹಾಕಿದೆವು. ಸಾರು ಚೆನ್ನಾಗಿತ್ತು, ಕೊತ್ತಂಬರಿ ಇನ್ನೊಂದು ಚೂರು ಹುರಿಯಬಹುದಿತ್ತು, ಹೇಳಲಿಲ್ಲ. ಹಿಂದಿನ ಟೇಬಲ್ಲಿನವರು ನೀರು ಕೇಳುತ್ತಿದ್ದರು, ಸಪ್ಲೈಯರ್ ಕಾಣಿಸುತ್ತಿರಲಿಲ್ಲ, ನೀರಿನ ಜಗ್ಗು ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಕಾಲು ತಾನಾಗಿಯೇ ಕುರ್ಚಿಯಿಂದ ಹೊರಗೆ ಬಂತು. ಅವಳು ದೋಸೆ ಮುರಿಯುವುದನ್ನು ನಿಲ್ಲಿಸಿ ಆ ಕಾಲನ್ನೇ ನೋಡಿದಳು. ನಾನು ಅದನ್ನು ಒಳಗೆ ಎಳೆದುಕೊಂಡೆ. ಅವರಿಗೆ ನೀರು ಹೇಗೋ ಬಂತು.

ಎರಡನೇ ದೋಸೆ ಮುಗಿಸಿ, ಬೆರಳಿಗೆ ಅಂಟಿದ ಸಾರನ್ನು ನೆಕ್ಕಿ, ಅವಳು ಕೇಳಿದಳು:

"ಬಪ್ಪ ತಿಂಗ್ಳ್ ಎಂತ ಪಿಕ್ಚರ್ ಬತ್ತ್ ಅಂಬ್ರ್?"

ಬರುವ ತಿಂಗಳಿನದು ಗೊತ್ತಿಲ್ಲ, ಮಗಳಿಗೆ ಕೇಳುವ ಅಂದೆ. ಯಾವುದಾದರೂ ಆಗುತ್ತದೆ, ಹೊಡೆದಾಟ ಒಂದು ಬೇಡ ಅಂದಳು. ಸಪ್ಲೈಯರನ್ನು ಕರೆದು ಇನ್ನೆರಡು ನೀರ್‌ದೋಸೆ ಹೇಳಿದೆ. ತರಲು ತಡ ಮಾಡಿದ. ಕಾದೆವು.