ಕೂದಲೆಳೆಯಷ್ಟು ಅಪಶ್ರುತಿ

ಶೇಷಗಿರಿರಾಯರು ನಮ್ಮ ಮನೆಗೆ ಬಂದರೆ ಮೊದಲು ಒಳಗೆ ಬರುತ್ತಿದ್ದುದು ಅವರ ಎಡಗಿವಿ. ಬಾಗಿಲಲ್ಲಿ ಕತ್ತು ವಾಲಿಸಿ ನಿಂತು, ಸೀಮೆಎಣ್ಣೆ ಸ್ಟೌವ್ ಯಾವ ಸ್ವರದಲ್ಲಿ ಭೋರ್ಗರೆಯುತ್ತಿದೆ, ಫ್ಯಾನು ಎಷ್ಟು ಹೊತ್ತಿಗೊಮ್ಮೆ ಕಿರುಗುಟ್ಟುತ್ತಿದೆ ಎಂದು ತಿಳಿದುಕೊಂಡ ಮೇಲೆಯೇ ಉಳಿದ ರಾಯರು ಬರುವುದು. ಜಗತ್ತಿನ ಸದ್ದನ್ನೆಲ್ಲ ಹಿಡಿಯುವ ಆ ಕಿವಿಗೆ ಮನುಷ್ಯರ ಮಾತನ್ನು ಮಾತ್ರ ಎರಡು ಸಲ ಹೇಳಬೇಕಿತ್ತು.

ಅರವತ್ತರ ದಶಕದ ಅಹಮದಾಬಾದು. ನವರಂಗಪುರದ ವಸತಿ ಸೊಸೈಟಿಯೊಂದರಲ್ಲಿ ನಮ್ಮದು ಕೆಳಗಿನ ಮನೆ, ರಾಯರದು ಮೇಲಿನದು. ನಮ್ಮ ಯಜಮಾನರೂ ಅವರೂ ಒಂದೇ ಸಂಶೋಧನಾ ಸಂಸ್ಥೆಯಲ್ಲಿದ್ದರು. ರಾಯರಿಗೆ ಉಪಕರಣ ವಿಭಾಗದಲ್ಲಿ ಕೆಲಸ. ಹಾಸನದ ಕಡೆಯವರು, ಒಂಟಿ ಜೀವ. ಮನುಷ್ಯನ ಮೆದುಳಿನಲ್ಲಿ ವಿದ್ಯುತ್ತಿನ ಅಲೆಗಳಿವೆ, ಎಚ್ಚರಕ್ಕೊಂದು ಬಗೆ, ನಿದ್ದೆಗೊಂದು ಬಗೆ, ಸರಿಯಾದ ಸದ್ದು ಕೊಟ್ಟರೆ ಒಂದರಿಂದ ಇನ್ನೊಂದಕ್ಕೆ ಇಳಿಸಬಹುದು ಎಂದು ಎಲ್ಲೋ ಓದಿದ್ದೇ ಸರಿ, ಆಮೇಲೆ ಅವರ ತಲೆಯಲ್ಲಿ ಬೇರೆ ಅಲೆಯೇ ಏಳಲಿಲ್ಲ.

ನನಗೆ ಅದೆಲ್ಲ ಬೇಡವಾಗಿತ್ತು. ಆದರೆ ನಮ್ಮ ಅತ್ತೆಗೆ ನಿದ್ದೆ ಬೇಕಿತ್ತು. ಮಾವ ತೀರಿಕೊಂಡ ಮೇಲೆ ಅವರನ್ನು ಮೈಸೂರಿನಿಂದ ಕರೆತಂದಿದ್ದೆವು. ಹಗಲಿಲ್ಲ ಇರುಳಿಲ್ಲ, ಕಣ್ಣು ಮುಚ್ಚುತ್ತಿರಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ತಲೆ ತಿರುಗಿ ಬಚ್ಚಲಲ್ಲಿ ಬಿದ್ದ ಮೇಲೆ ಅದನ್ನೂ ನಿಲ್ಲಿಸಿದೆವು. ದಿನದಿನಕ್ಕೆ ಇಳಿದುಹೋಗುತ್ತಿದ್ದರು. ಹೀಗೇ ಆದರೆ ಉಳಿಯುವುದಿಲ್ಲವೆಂದು ನನಗೆ ಹೆದರಿಕೆ. ರಾಯರಿಗೋ ಉತ್ಸಾಹ.

ಸಾಬರಮತಿ ದಂಡೆಯ ಗುಜರಿ ಬಜಾರಿನಿಂದ ಮಿಲಿಟರಿಯವರ ಹಳೆಯ ಹೆಡ್‌ಫೋನು ತಂದರು. ಸದ್ದು ಹೊರಡಿಸಲು ತಾವೇ ಕಟ್ಟಿದ ಎರಡು ತಗಡಿನ ಡಬ್ಬಗಳಿಂದ ಎರಡು ಕಿವಿಗೆ ಎರಡು ಸ್ವರ, ಒಂದಕ್ಕಿಂತ ಇನ್ನೊಂದು ಕೊಂಚ ಮೇಲೆ. ಅತ್ತೆ ಒಂದು ನಿಮಿಷ ತಡೆದುಕೊಂಡು ಕಿತ್ತು ಕೈಗೆ ಕೊಟ್ಟರು.

"ಏನ್ ರಾಯರೇ, ಕಿವಿಯೊಳಗೆ ಜೇನು ಬಿಟ್ಟ ಹಾಗಿದೆ! ಯಾರ್ಯಾರು ಹಾಕ್ಕೊಂಡಿದ್ದೋ ಏನೋ, ಮಡಿ ಬೇರೆ ಹೋಯ್ತು."

ಅಷ್ಟಕ್ಕೆ ಬಿಡುವ ಆಸಾಮಿಯೇ? ಕಣ್ಣು ನನ್ನ ತಂಬೂರಿಯ ಮೇಲೆ ಬಿತ್ತು. ನಾನು ಅಲ್ಲಿನ ಕನ್ನಡದ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದೆ. ಶ್ರುತಿ ಮಾಡಿಟ್ಟು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ, ಒಂದೇ ಷಡ್ಜ ನುಡಿಯಬೇಕಾದ ನಡುವಿನ ಎರಡು ತಂತಿಗಳಲ್ಲಿ ಒಂದರ ಶ್ರುತಿ ತಿದ್ದುವ ಮಣಿಯನ್ನು ಕೂದಲೆಳೆಯಷ್ಟು ಸರಿಸಿಬಿಟ್ಟಿರುತ್ತಿದ್ದರು.

"ರಾಯರೇ, ಇದು ಸರಸ್ವತಿ. ನಿಮ್ಮ ಲ್ಯಾಬಿನ ಡಬ್ಬ ಅಲ್ಲ."

"ಕೋಪ ಮಾಡ್ಕೋಬೇಡಿ ಪದ್ಮಮ್ಮ. ಶ್ರುತಿ ಪೂರ್ತಿ ಸೇರಿದ್ರೆ ಮನಸ್ಸು ಎಚ್ಚರವಾಗಿರುತ್ತೆ. ಚೂರೇ ಚೂರು ತಪ್ಪಿಸಿ ನೋಡಿ, ಎರಡು ತಂತಿ ಮಧ್ಯೆ ತೊಟ್ಟಿಲು ತೂಗುತ್ತೆ."

ಕಿವಿಗೊಟ್ಟರೆ ನಿಜವೇ, ಸದ್ದು ಏರಿ ಇಳಿದು, ಏರಿ ಇಳಿದು ತೂಗುತ್ತಿತ್ತು. ಆದರೆ ಅಪಶ್ರುತಿ ಅಪಶ್ರುತಿಯೇ. ನಾನು ಸರಿಪಡಿಸುವುದು, ಅವರು ಕೆಡಿಸುವುದು, ಇದೇ ಕೆಲಸವಾಯಿತು.

ದಸರೆಗೆ ಊರಿನ ಕನ್ನಡಿಗರೆಲ್ಲ ಸೇರಿದ ಸಭೆಯಲ್ಲಿ ನನ್ನ ಕಚೇರಿ ಇಟ್ಟುಕೊಂಡಿದ್ದರು. ಹೊಸ ರೇಷ್ಮೆ ಸೀರೆ ಉಟ್ಟು ಕೂತು ಬಾಯಿ ತೆರೆದರೆ ತಂಬೂರಿ ತೂಗುತ್ತಿದೆ! ಹಾಡು ನಿಲ್ಲಿಸಿ, ಅಷ್ಟು ಜನರೆದುರು ಮಣಿ ಸರಿಸುತ್ತ ಕೂರಬೇಕಾಯಿತು. ನಾಚಿಕೆಯಿಂದ ಸತ್ತೇ ಹೋದೆ. ಮುಗಿದ ಮೇಲೆ ರಾಯರು ಓಡಿಬಂದರು. "ಮುಂದಿನ ಸಾಲಿನವರೆಲ್ಲ ಆಕಳಿಸಿದ್ರು, ನೋಡಿದ್ರಾ?" ಹೆಮ್ಮೆಯಿಂದ ಮುಖ ಹೊಳೆಯುತ್ತಿತ್ತು. ಅಂದಿನಿಂದ ಅವರೊಡನೆ ಮಾತು ಬಿಟ್ಟೆ.

ಸಂಕ್ರಾಂತಿ ಬಂತು. ಊರಿಗೆ ಊರೇ ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತ ಗಂಟಲು ಹರಿಯುವಂತೆ ಕೂಗುತ್ತಿತ್ತು. ಹಬ್ಬದ ದಿನ ಮುನಿಸೇಕೆಂದು ರಾಯರಿಗೆ ಎಳ್ಳುಬೆಲ್ಲ ಕೊಟ್ಟು ಒಳಗೆ ಹೋದೆ. ಪಾತ್ರೆ ತೊಳೆದು ಬಂದು ನೋಡಿದರೆ ರಾಯರು ಅತ್ತೆಯ ಮಂಚದ ಪಕ್ಕ ಚಾಪೆಯ ಮೇಲೆ ಕೂತು ತಂಬೂರಿ ಮೀಟುತ್ತಿದ್ದಾರೆ. ಅತ್ತೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾರೆ. ಆ ಗದ್ದಲದಲ್ಲಿ!

ಕಣ್ಣು ತುಂಬಿತು. ಸಿಟ್ಟೂ ಬಂತು, ಗೆದ್ದ ಆ ಮುಖವನ್ನು ನೋಡಲಾಗಲಿಲ್ಲ.

"ಇದು ನಿಮ್ಮ ಅಲೆಯಿಂದ ಅಲ್ಲ. ಪಕ್ಕದಲ್ಲಿ ಒಬ್ಬರು ಇಷ್ಟು ಹೊತ್ತು ಕೂತ್ರಲ್ಲ, ಅದಕ್ಕೆ ನಿದ್ದೆ ಬಂತು."

ಬೇರೆಯವರಾಗಿದ್ದರೆ ನೊಂದುಕೊಳ್ಳುತ್ತಿದ್ದರು. ರಾಯರು ಕುಣಿದುಬಿಟ್ಟರು. "ಒಳ್ಳೇ ಪ್ರಶ್ನೆ! ಪರೀಕ್ಷೆ ಮಾಡೋಣ. ನೀವು ಕೂತ್ಕೊಳ್ಳಿ, ಶ್ರುತಿ ಸರಿಯಾಗೇ ಇರಲಿ. ನಿದ್ದೆ ಬಂದ್ರೆ ನೀವು ಗೆದ್ರಿ."

ಆದರೆ ತಂಬೂರಿ ನನಗೆ ಬಿಟ್ಟರೆ ತಾನೆ! ಸಂಜೆ ಆಫೀಸಿನಿಂದ ನೇರ ಬಂದು ತಾವೇ ಕೂತುಬಿಡುತ್ತಿದ್ದರು. ಮಕ್ಕಳ ಪಾಠ ಹಾಳಾಯಿತು. ಅತ್ತೆಯ ಮುಖಕ್ಕೆ ಮಾತ್ರ ಕಳೆ ಬಂತು, ಊಟ ಸೇರಿತು.

ಬೇಸಿಗೆಯಲ್ಲಿ ರಾಯರಿಗೆ ಬರೋಡಾದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಸ್ಟೇಷನ್ನಿಗೆ ನಾನೂ ಯಜಮಾನರೂ ಹೋಗಿದ್ದೆವು. ತಗಡಿನ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ಎಡಗಿವಿ ಚಾಚಿ ಎಂಜಿನ್ನಿನ ಸದ್ದು ಕೇಳುತ್ತಿದ್ದರು. "ಹೋಗಿ ಬನ್ನಿ ರಾಯರೇ" ಎಂದು ಎರಡು ಸಲ ಹೇಳಿದೆ. ತಿರುಗಿ ಅಂದದ್ದು ಒಂದೇ ಮಾತು: "ಆ ಪರೀಕ್ಷೆ ಬಾಕಿ ಉಳೀತಲ್ಲ ಪದ್ಮಮ್ಮ." ವಿಳಾಸ ಕಳಿಸುತ್ತೇನೆ ಎಂದವರು ಕಳಿಸಲಿಲ್ಲ. ಅದೂ ಅವರ ಬುದ್ಧಿಯೇ.

ಮನೆಗೆ ಬಂದರೆ ಅತ್ತೆ ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ತಂಬೂರಿ ನೋಡುತ್ತಿದ್ದರು. ಚಾಪೆ ಹಾಸಿ ಕೂತೆ. ಶ್ರುತಿ ಶುದ್ಧವಾಗಿ ಸೇರಿಸಿ ಮೀಟಿದೆ. ಬಹಳ ಹೊತ್ತು ಮೀಟಿದೆ. ಅತ್ತೆ ನನ್ನ ಕಡೆ ಹೊರಳಿದರು.

"ಚೆನ್ನಾಗಿದೆ ಪದ್ಮಾ. ಆದ್ರೆ ರಾಯರ ಥರ ನುಡಿಸೇ."

ನನ್ನ ಗುರುಗಳನ್ನು ಮನಸ್ಸಿನಲ್ಲೇ ನೆನೆದು, ಹಲ್ಲು ಕಚ್ಚಿ, ಮಣಿಯನ್ನು ಕೂದಲೆಳೆಯಷ್ಟು ಸರಿಸಿದೆ. ತೊಟ್ಟಿಲು ತೂಗತೊಡಗಿತು. ಅತ್ತೆ ಕೈ ಚಾಚಿ ನನ್ನ ಮಂಡಿಯ ಮೇಲಿಟ್ಟು, ಹಾಗೇ ನಿದ್ದೆಹೋದರು.

ಮಣಿ ಸರಿಸಿದವಳೂ ನಾನೇ, ಪಕ್ಕದಲ್ಲಿ ಕೂತವಳೂ ನಾನೇ. ಶುದ್ಧ ಶ್ರುತಿಗೆ ನಿದ್ದೆ ಬರಲಿಲ್ಲ, ನಿಜ; ಆದರೆ ಬಂದದ್ದು ನನ್ನ ಮಂಡಿಯ ಮೇಲೆ ಕೈಯಿಟ್ಟ ಮೇಲೆ ತಾನೆ? ಹಾಗಾದರೆ ಗೆದ್ದವರು ಯಾರು? ಜಗಳವಾಡಿ ತೀರಿಸಿಕೊಳ್ಳೋಣವೆಂದರೆ ಬಾಗಿಲಲ್ಲಿ ಆ ಹಾಳು ಎಡಗಿವಿ ಇರಲಿಲ್ಲ.