ಲೇಥಿನ ಮೇಲಿನ ಅಪವಾದ

ಇಮಾಮುದ್ದೀನನ ಮನೆಯ ಪಡಸಾಲೆಯಲ್ಲಿದ್ದ, ಕಬ್ಬಿಣ ಕಡೆಯುವ ಲೇಥ್ ಮಶೀನಿಗೆ ದೆವ್ವ ಹಿಡಿದಿದೆಯೆಂದು ಮೊರಬದ ಜನ ನಂಬಿ ಎರಡು ವರ್ಷವಾಗಿತ್ತು. ನಂಬದೆ ಏನು ಮಾಡಿಯಾರು? ಎಂಬತ್ತೊಂದರ ಬೇಸಿಗೆಯಲ್ಲಿ ಅದು ಅವನ ಅಣ್ಣ ಕುತುಬುದ್ದೀನನ ಅಂಗಿಯ ತೋಳು ಹಿಡಿದು ಎಳೆದುಕೊಂಡು ಜೀವ ತೆಗೆದಿತ್ತು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಇಮಾಮುದ್ದೀನನಿಗೂ ಆ ಮುಚ್ಚಳ ಬೇಕಿರಲಿಲ್ಲ. ಜನ ದೆವ್ವದ ಹೆಸರು ಹೇಳುವಷ್ಟು ದಿನ ಅವನ ಹೆಸರು ಯಾರೂ ಎತ್ತುತ್ತಿರಲಿಲ್ಲ.

ಈಗ ಅಣ್ಣಿಗೇರಿಯ ಗುಡದಪ್ಪ ಲೇಥು ಕೊಳ್ಳುತ್ತೇನೆಂದು ಹೇಳಿಕಳಿಸಿದ್ದ. ಅತ್ತಿಗೆ ಮಲಿಕಾಬಿ ಬಾಗಿಲಿಗೆ ಒರಗಿ ನಿಂತಳು.

"ಅವರ ಮನ್ಯಾಗೂ ಹೆಂಡ್ರು ಮಕ್ಕಳು ಅದಾರ. ಮಶೀನ್‌ದಾಗ ಖರೇನ ಏನರ ದೋಷ ಇದ್ರ ಒಡದು ಗುಜರಿಗೆ ಹಾಕೂಣು. ಇಲ್ಲಂದ್ರ ಕೊಡೂಣು. ಛಲೋತಂಗ ನೋಡಿ ಹೇಳು, ಇಮಾಮ."

ಇಮಾಮುದ್ದೀನ ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ ತುಕ್ಕು ಒರೆಸಿದ. ಲೇಥಿನ ಉದ್ದನೆಯ ಹಾಸು, ಬೆಡ್ಡಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಬಗ್ಗಿ ನೋಡಿದ. ಕಬ್ಬಿಣವನ್ನು ಹಿಡಿದು ತಿರುಗಿಸುವ ಚಕ್ಕಿನ ಹತ್ತಿರ, ಅಣ್ಣ ಹದಿನೆಂಟು ವರ್ಷ ದುಡಿದ ಜಾಗದಲ್ಲಿ, ಕೂದಲೆಳೆಯಷ್ಟು ಸವೆದಿತ್ತು, ಅಷ್ಟೇ. ಚಕ್ಕನ್ನು ಕೈಯಿಂದ ತಿರುಗಿಸಿದರೆ ಬೇರಿಂಗು ಚಕಾರ ಎತ್ತಲಿಲ್ಲ. ಒಂದಾದರೂ ದೋಷ ಸಿಗಲೆಂದು ಅಲ್ಲಾನನ್ನು ಬೇಡುತ್ತ ಹಲ್ಲುಗಾಲಿಗಳನ್ನೆಲ್ಲ ಬಿಚ್ಚಿ, ತೊಳೆದು, ಗ್ರೀಸು ಹಚ್ಚಿ ಮತ್ತೆ ಕೂಡಿಸಿದ. ಹಾಳಾದ್ದು ಗುಂಡುಕಲ್ಲಿನ ಹಾಗಿತ್ತು. ಬಗ್ಗಿದಾಗಲೆಲ್ಲ ಬೆನ್ನ ಹಿಂದೆ ಅಣ್ಣ ನಿಂತಂತೆ, ಅವನ ಬೀಡಿಯ ವಾಸನೆ ಬಂದಂತೆ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ ಅಲ್ಲವೇ?

ನಡೆದದ್ದು ಇಷ್ಟು. ಕರೆಂಟು ಹೋದರೆ ತಾನೇ ಆರಿಕೊಳ್ಳುವ ಸ್ಟಾರ್ಟರ್ ಸುಟ್ಟ ಮೇಲೆ ಮೋಟರನ್ನು ನೇರ ಸ್ವಿಚ್ಚಿಗೆ ಜೋಡಿಸಿದವನು ಇಮಾಮುದ್ದೀನನೇ. ಅಂದು ಕರೆಂಟು ಹೋದಾಗ ಸ್ವಿಚ್ಚು ಆರಿಸದೆ ಚಹಾಕ್ಕೆ ಹೋದವನೂ ಅವನೇ. ಆ ಓಣಿಯಲ್ಲಿ ಎಲ್ಲರೂ ಹಾಗೆಯೇ ಬಿಡುತ್ತಿದ್ದರು. ಮಶೀನು ಗುಂಯ್‌ಗುಟ್ಟಿದರೆ ತಾನೇ ಕರೆಂಟು ಬಂತೆಂದು ತಿಳಿಯುವುದು. ಹೊರಗಿನಿಂದ ಬಂದ ಅಣ್ಣ, ತಮ್ಮನು ಸ್ವಿಚ್ಚು ಆರಿಸಿ ಹೋಗಿದ್ದಾನೆಂದುಕೊಂಡು, ಚಕ್ಕಿಗೆ ಸುತ್ತಿಕೊಂಡ ಕಬ್ಬಿಣದ ಸುರುಳಿ ತೆಗೆಯಲು ಕೈ ಹಾಕಿದ್ದ. ಅದೇ ಹೊತ್ತಿಗೆ ಕರೆಂಟು ಬಂದಿತ್ತು.

ದೋಷವಿದೆ ಎಂದು ಒಂದು ಸುಳ್ಳು ಹೇಳಿದರೆ ಮುಗಿಯಿತು, ಲೇಥು ಗುಜರಿಗೆ ಹೋಗುತ್ತದೆ. ಆದರೆ ಅಣ್ಣ ಸವೆಸಿದ ಆ ಜಾಗದ ಮೇಲೆ ಕೈಯಿಟ್ಟುಕೊಂಡು ಆ ಸುಳ್ಳು ಅವನ ಬಾಯಿಂದ ಹೊರಡಲಿಲ್ಲ.

"ಭಾಬಿ, ಮಶೀನ್‌ದಾಗ ಏನೂ ಇಲ್ಲ. ಅವತ್ತ ಸ್ವಿಚ್ ಚಾಲೂ ಬಿಟ್ಟು ಹೋದಾವ ನಾ. ಅಣ್ಣನ್ನ ಕೊಂದಾವ ನಾ."

ಮಲಿಕಾಬಿ ಅಳಲಿಲ್ಲ, ಬೈಯಲೂ ಇಲ್ಲ. ಬಾಗಿಲಲ್ಲೇ ನಿಂತು ಲೇಥಿನತ್ತ ಕೈ ತೋರಿಸಿದಳು.

"ನೀ ಬಿಟ್ಟು ಹೋದದ್ದು ನಾ ನೋಡಿದ್ದೆ," ಅಂದಳು. "ಆರಸಾಕ ಕೈನೂ ಎತ್ತಿದ್ದೆ. ಕರೆಂಟ್ ಬಂದದ್ದು ತಿಳೀಲಿ, ಗಿರಣಿಗೆ ಹೋಗಿ ಜ್ವಾಳಾ ಬೀಸಿಸ್ಕೊಂಡು ಬರೂಣು ಅಂತ ಬಿಟ್ಟೆ. ದೆವ್ವ ಹಿಡದೈತಿ ಅಂತ ಊರಾಗ ಮೊದಲ ಹೇಳಿದಾಕಿ ನಾನ, ಇಮಾಮ. ಏನರ ಒಂದು ದೋಷ ಸಿಗಲಿ ಅಂತ ನಾನೂ ಇಲ್ಲೇ ನಿಂತು ಬೇಡ್ಕೊಳ್ಳಾಕತ್ತಿದ್ದೆ."